ಮಧ್ಯಮ, ನಿಷಾದದ ಮನೆಯವರು

ಶಿರಸಿ

ಚಿ. ಸೌ. ಕೂಸಿಗೆ ನಿನ್ನ ಮಾವ ಮಾಡುವ ಅನೇಕ ಆಶೀರ್ವಾದಗಳು.

ನಿನಗೆ ಮಗಳು ಹುಟ್ಟಿ ಅವಳು ಐದನೆಯ ಇಯತ್ತೆಗೆ ಬಂದರೂ ನನಗೆ ನೀನೇ ಕೂಸು. ಅವಳು ಸಣ್ಣ ಕೂಸು. ಇದನ್ನು ಬದಲಾಯಿಸುವ ವಯಸ್ಸು ನನ್ನದಲ್ಲ.

ಪತ್ರ ಮುಟ್ಟಿತು. ಈ ಕಾಲದಲ್ಲಿ ಕೈಯಲ್ಲಿ ಬರೆದು ಅಂಚೆಗೆ ಹಾಕಿದ್ದೀಯಲ್ಲ, ಅದಕ್ಕೇ ಮೊದಲು ಸಂತೋಷವಾಯಿತು. ತೋಟದ ಸುದ್ದಿ, ಕೊಳೆರೋಗದ ಸುದ್ದಿ, ನಿನ್ನ ಅತ್ತೆಯ ಮಂಡಿನೋವಿನ ಸುದ್ದಿಯನ್ನೆಲ್ಲ ನಿನ್ನ ತಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ. ಪತ್ರದ ಬಹುಭಾಗವನ್ನು ಸುಖವಾಗಿ ಓದಿದೆ. ಕೊನೆಯ ಅರ್ಧ ಪುಟಕ್ಕೆ ಬಂದಾಗ ಮಾತ್ರ ಕನ್ನಡಕ ತೆಗೆದಿಟ್ಟು ಜಗುಲಿಯಲ್ಲಿ ಸುಮ್ಮನೆ ಕುಳಿತೆ. ಚಹಾ ಆರಿತು ಎಂದು ನಿನ್ನ ಅತ್ತೆ ಬೈದಳು.

ಹೋದ ವರ್ಷ ಬಂದಾಗ ಸಣ್ಣ ಕೂಸು ಭೂಪ ರಾಗದ ಆರೋಹ ಹಾಡಿ ತೋರಿಸಿದ್ದು ನಿನಗೂ ನೆನಪಿದೆ. ಸ ರಿ ಗ ಪ ಧ ಸ. "ಮ ಎಲ್ಲಿ ಹೋಯಿತು, ನಿ ಎಲ್ಲಿ ಹೋಯಿತು?" ಎಂದು ತಮಾಷೆಗೆ ಕೇಳಿದ್ದೆ. "ಆ ಎರಡು ಮನೆಯವರೂ ಜಾತ್ರೆಗೆ ಹೋಗಿದ್ದಾರೆ ಅಜ್ಜ, ಬಾಗಿಲು ಹಾಕಿದೆ. ಸದ್ದು ಮಾಡದೆ ಮುಂದಿನ ಮನೆಗೆ ಹೋಗಬೇಕು" ಎಂದಳು. ಹೇಳುವಾಗ ಅವಳು ನಿಜಕ್ಕೂ ತುದಿಗಾಲಿನಲ್ಲಿ ನಿಂತಿದ್ದಳು. ಇಷ್ಟು ವರ್ಷ ಆ ರಾಗ ಕೇಳಿದ ನನಗೆ ಗಾಂಧಾರದಿಂದ ಪಂಚಮಕ್ಕೆ ದಾಟುವಲ್ಲಿ ಒಂದು ಮುಚ್ಚಿದ ಬಾಗಿಲು ಇದೆ ಎಂದು ತೋರಿರಲಿಲ್ಲ. ಈಗ ಪ್ರತಿ ಸಲವೂ ತೋರುತ್ತದೆ.

ಈಗ ಅವಳು ಸಂಗೀತದ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ನೀನು ಅದೇ ಪ್ರಶ್ನೆ ಕೇಳಿದರೆ, "ಔಡವ ಜಾತಿ, ಮ ನಿ ವರ್ಜ್ಯ, ಗಾಂಧಾರ ವಾದಿ, ಧೈವತ ಸಂವಾದಿ" ಎಂದು ರಾಗದ ಲಕ್ಷಣವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳಂತೆ. ಆ ಮನೆಯವರ ವಿಷಯ ಎತ್ತಿದ್ದಕ್ಕೆ, "ಅಮ್ಮ, ಅದೆಲ್ಲ ನಾನು ಸಣ್ಣವಳಿದ್ದಾಗ" ಎಂದಳಂತೆ. ಅದರ ಕೆಳಗೆ ನೀನು ಬರೆದದ್ದು: "ಆರಿಹೋಯಿತು ಮಾವ. ಆಯಿಗೆ ಆಯಿತು, ನನಗೆ ಆಯಿತು, ಈಗ ಇವಳಿಗೂ ಆಯಿತು. ಇದು ನಮ್ಮ ಮನೆಯ ಹೆಣ್ಣುಮಕ್ಕಳ ಹಣೆಬರಹವೇ?"

ನಿನ್ನ ಆಯಿಯ, ಅಂದರೆ ನನ್ನ ಅಕ್ಕನ, ಹಾಡು ಯಾವಾಗ ನಿಂತಿತು, ಯಾಕೆ ನಿಂತಿತು ಎನ್ನುವುದನ್ನು ಇಲ್ಲಿ ಎತ್ತುವುದಿಲ್ಲ. ನಿನಗೂ ಗೊತ್ತು, ಊರಿಗೂ ಗೊತ್ತು. ಆದರೆ "ಆರಿಹೋಯಿತು" ಎಂದು ಷರಾ ಬರೆದು ಮುಗಿಸಿಬಿಟ್ಟೆಯಲ್ಲ, ಅದು ನನಗೆ ಸರಿಬರಲಿಲ್ಲ. ರಾತ್ರಿ ಮಲಗಿದರೂ ಅದೇ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವಾಗಲೂ ಅದೇ.

ಒಂದು ಸಂಗತಿ ಹೇಳುತ್ತೇನೆ. ನಾನು ಸಣ್ಣ ಕೂಸಿನಷ್ಟೇ ಇದ್ದಾಗ ಅಪ್ಪಯ್ಯ ನನ್ನನ್ನು ಗದ್ದೆಬಯಲಿನ ಯಕ್ಷಗಾನದ ಆಟಕ್ಕೆ ಕರೆದೊಯ್ದವನು, ಮೊದಲು ವೇಷ ಕಟ್ಟುವ ಚೌಕಿಗೆ ಕರೆದೊಯ್ದ. ಮೇಳದವರ ಪೈಕಿ ಯಾರೋ ಅವನಿಗೆ ಗುರುತಿನವರು. ತೆಂಗಿನ ಗರಿ ಕಟ್ಟಿದ ಚಪ್ಪರ, ಒಳಗೆ ಗ್ಯಾಸ್‌ಲೈಟಿನ ಸುಯ್ಯೆನ್ನುವ ಸದ್ದು. ಸಾಲಾಗಿ ಚಾಪೆ ಹಾಕಿಕೊಂಡು ಕುಳಿತಿದ್ದಾರೆ, ಒಬ್ಬೊಬ್ಬರ ಮುಂದೆಯೂ ಒಂದು ಸಣ್ಣ ಕನ್ನಡಿ. ತುದಿಯಲ್ಲಿ ಕುಳಿತವನದು ರಾಕ್ಷಸನ ವೇಷ. ಕರಟದಲ್ಲಿ ಕೊಬ್ಬರಿ ಎಣ್ಣೆಗೆ ಬಣ್ಣದ ಪುಡಿ ಕಲಸಿಕೊಂಡು ಬೆರಳಿನಲ್ಲಿ ತೀಡುತ್ತಿದ್ದ. ಅರ್ಧ ಮುಖ ಮುಗಿದಿತ್ತು. ಬಲಗಡೆ ನೋಡಿದರೆ ಕೆಂಪು ಕಪ್ಪು ಬಳಿದ ರಕ್ಕಸ, ಎಡಗಡೆ ನೋಡಿದರೆ ಕೆಮ್ಮು ಹಿಡಿದ ಒಬ್ಬ ನಡುವಯಸ್ಸಿನವನು, ಕೆನ್ನೆಯ ಮೇಲೆ ನರೆತ ಕುರುಚಲು. "ಏನು ಮಾಣಿ, ನಿದ್ದೆ ಬಂತೇ?" ಎಂದು ಕೇಳಿದ್ದು ಎಡಗಡೆಯವನು. ಸೊಂಟದ ಕಟ್ಟು ಬಿಗಿಯುವಾಗ ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ" ಎಂದ. ಹಿಡಿದುಕೊಂಡೆ. ಬೆವರು, ಎಣ್ಣೆ, ಬೀಡಿ ಮೂರೂ ಕಲಸಿದ ವಾಸನೆ.

ನಡುರಾತ್ರಿ ಕಳೆದ ಮೇಲೆ ಚಂಡೆಯ ಪೆಟ್ಟು ಏರಿತು. ಪಂಜಿನ ಮೇಲೆ ರಾಳದ ಪುಡಿ ಎರಚಿದಾಗ ಭಗ್ ಎಂದು ಬೆಂಕಿ ಎದ್ದಿತು. ಆ ಹೊಗೆಯ ಹಿಂದಿನಿಂದ ಕೂಗು ಕೇಳಿತು, ಜನರ ನಡುವೆಯೇ ದಾರಿ ಮಾಡಿಕೊಂಡು ಅವನು ಬಂದ. ದಾರ ಹಿಡಿದವನು ನಾನೇ, ಅಪ್ಪಯ್ಯನ ಶಾಲಿನೊಳಗೆ ತಲೆ ತೂರಿಸಿ ಅತ್ತವನೂ ನಾನೇ. ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುವಲ್ಲಿ ಅವನೇ ಪಂಚೆ ಉಟ್ಟು ನಿಂತಿದ್ದ, ಕಿವಿಯ ಹಿಂದೆ ಸ್ವಲ್ಪ ಕೆಂಪು ಉಳಿದಿತ್ತು. ನನ್ನನ್ನು ನೋಡಿ ನಕ್ಕ. ನಾನು ಅಪ್ಪಯ್ಯನ ಇನ್ನೊಂದು ಪಕ್ಕಕ್ಕೆ ಸರಿದು ನಿಂತೆ.

ವಾದಿ, ಸಂವಾದಿ, ವರ್ಜ್ಯ ಎಲ್ಲ ಚೌಕಿಯ ಸಾಮಾನು ಕೂಸೇ. ಅದನ್ನು ಕಂಡವರಿಗೆ ರಂಗದ ಮೇಲಿನದು ಸುಳ್ಳಾಗಬೇಕೆಂದೇನೂ ಇಲ್ಲ. ನಮ್ಮ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಬರುತ್ತದೆಯಲ್ಲ, ನೋಡು. ಬೆನ್ನಿಗೆ ಅಷ್ಟಗಲ ನವಿಲುಗರಿ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದು, ಸೊಂಟದ ಹಗ್ಗವನ್ನು ಹಿಂದಿನವರು ಜಗ್ಗಿ ಹಿಡಿದಿದ್ದರೂ ಮುನ್ನುಗ್ಗುವವನು ಪಕ್ಕದ ಓಣಿಯ ಹುಡುಗ ಎನ್ನುವುದು ಮಕ್ಕಳಿಗೆಲ್ಲ ಗೊತ್ತು. ಹೆಸರು ಹಿಡಿದು ಕೂಗುತ್ತವೆ. ಅವನು ತಿರುಗಿ ನೋಡಿದರೆ ಓಟ ಕೀಳುತ್ತವೆ. ಕೂಗಿದ್ದೂ ನಿಜ, ಓಡಿದ್ದೂ ನಿಜ.

ಹಾಗಾದರೆ ಅವಳು "ಸಣ್ಣವಳಿದ್ದಾಗ" ಎಂದದ್ದು ಏಕೆ? ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೋದ ವರ್ಷ ಅವಳು ಜಾತ್ರೆಯ ಮಾತು ಹೇಳಿದ ಮೇಲೆ ಏನಾಯಿತು ನೆನಪು ಮಾಡಿಕೋ. ಇನ್ನೊಮ್ಮೆ ಹೇಳು ಎಂದು ಮೊಬೈಲಿನಲ್ಲಿ ಹಿಡಿದದ್ದಾಯಿತು. ಸಂಜೆ ಬಂದ ನೆಂಟರ ಮುಂದೆ ಮತ್ತೊಮ್ಮೆ ಹೇಳಿಸಿದ್ದಾಯಿತು. ಎಲ್ಲರೂ ನಕ್ಕೆವು, ಪ್ರೀತಿಯಿಂದಲೇ ನಕ್ಕೆವು. ಮೂರನೆಯ ಸಲ ಹೇಳುವಾಗ ಅವಳು ತುದಿಗಾಲಿನಲ್ಲಿ ನಿಲ್ಲಲಿಲ್ಲ, ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ತೋರುವುದು ಇಷ್ಟೇ: ಅವಳು ಅದನ್ನು ಒಳಗೆ ತೆಗೆದಿಟ್ಟಿದ್ದಾಳೆ. ದೊಡ್ಡವರ ಕೈಗೆ ಸಿಗದ ಹಾಗೆ ಇಡುವ ಬುದ್ಧಿ ಆ ವಯಸ್ಸಿಗೆ ಬರುತ್ತದೆ. ನೀನು ಆರಿಹೋಯಿತು ಎಂದೆ. ಮುಚ್ಚಿಟ್ಟದ್ದೂ ಹೊರಗಿನಿಂದ ಹಾಗೆಯೇ ಕಾಣುತ್ತದೆ. ನಾನು ಹೇಳುವುದೇ ಖರೆ ಎಂದು ಸಾಧಿಸಲಾರೆ. ಮಗುವನ್ನು ದಿನಾ ನೋಡುವವಳು ನೀನು.

ಅದಕ್ಕೇ ಒಂದು ಸಣ್ಣ ಮಾತು, ಬೇಸರ ಮಾಡಿಕೊಳ್ಳಬೇಡ. ಸ್ವಲ್ಪ ಕಾಲ ಅವಳನ್ನು ಆ ಮನೆಯವರ ವಿಷಯ ಕೇಳಬೇಡ. ಅವಳಾಗಿ ಹೇಳಿದರೆ ಕೇಳಿಸಿಕೋ, ಮತ್ತೊಬ್ಬರಿಗೆ ದಾಟಿಸಬೇಡ, ನನಗೂ ಸಹ. (ನನಗೆ ಮಾತ್ರ ಹೇಳಬಹುದು ಎಂದು ಬರೆಯುವ ಆಸೆಯಾಯಿತು, ತಡೆದುಕೊಂಡೆ.)

ಭೀಮಸೇನ ಜೋಶಿಯವರ ಬಾಲ್ಯದ ಕಥೆ ನೀನು ಕೇಳಿರಬಹುದು. ಗದಗಿನ ಕಡೆಯ ಹುಡುಗ, ಹುಟ್ಟಿದ್ದು 1922ರಲ್ಲಿ. ಬೀದಿಯಲ್ಲಿ ಬ್ಯಾಂಡು, ಭಜನೆಯ ಮೆರವಣಿಗೆ ಹೋದರೆ ಹಿಂದೆ ಹಿಂದೆ ಹೋಗಿಬಿಡುತ್ತಿದ್ದನಂತೆ. ದಣಿದಲ್ಲಿ ನಿದ್ದೆ. ಮನೆಯವರು ಹುಡುಕಿ ಹುಡುಕಿ ಸೋತು ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಕೊನೆಗೆ ತಂದೆ ಮಾಡಿದ್ದೇನು? ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆಸಿದರು, ಕಂಡವರು ಮನೆಗೆ ಮುಟ್ಟಿಸಲಿ ಎಂದು. ಕೋಣೆಯಲ್ಲಿ ಕೂಡಿಹಾಕಿದರೆಂದಾಗಲಿ, ಬ್ಯಾಂಡಿನವರನ್ನು ಬೈದರೆಂದಾಗಲಿ ನಾನು ಕೇಳಿಲ್ಲ. ಆ ಮಾಸ್ತರರನ್ನು ನಾನು ಆಗಾಗ ನೆನೆಯುತ್ತೇನೆ. ಹುಡುಗ ಹನ್ನೊಂದರ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕುತ್ತ ಮನೆಯನ್ನೇ ಬಿಟ್ಟುಹೋದಾಗ ಆ ಬರೆದ ಅಂಗಿ ಅವರಿಗೆ ಎಷ್ಟು ಸಂಕಟ ಕೊಟ್ಟಿರಬಹುದೋ, ಅದೂ ನೆನಪಾಗುತ್ತದೆ. ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಅದೇ ಸ್ವರಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿದ್ದೂ ಅದೇ ಹುಡುಗ. ಕುಮಾರ ಗಂಧರ್ವರದೂ ಹೀಗೆಯೇ. ಬೆಳಗಾವಿ ಕಡೆಯ ಸುಳೇಭಾವಿಯ ಮಗು, ದೊಡ್ಡ ದೊಡ್ಡ ಗಾಯಕರ ರೆಕಾರ್ಡು ಕೇಳಿ ಹಾಗೆಯೇ ಒಪ್ಪಿಸಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದವರು, ಆಮೇಲೆ ಮುಂಬಯಿಯಲ್ಲಿ ದೇವಧರರ ಹತ್ತಿರ ಕುಳಿತು ಕ್ರಮವಾಗಿ ಕಲಿತರು. ವ್ಯಾಕರಣ ಅವರ ಬೆರಗನ್ನು ನುಂಗಿದ್ದರೆ ಮುಂದೆ ಅವರು ಜನಪದದ ಧಾಟಿಗಳಲ್ಲಿ ಹೊಸ ರಾಗ ಕಾಣುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಯ ಮೇಲೆ ಸಿಟ್ಟು ಬೇಡ. ಕಟ್ಟಿದ್ದಾಳೆ, ಬರೆಯಲಿ. ಅಂಕ ಎಷ್ಟು ಬಂತು ಎಂದು ಮೊದಲು ಕೇಳುವವಳು ನೀನಾಗದಿದ್ದರೆ ಸಾಕು.

ಮತ್ತೆ ಅಲ್ಲಿಗೇ ಬರುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಗಾಬರಿ ಹುಟ್ಟಿಸಿದ್ದು ಸಣ್ಣ ಕೂಸಿನ ಮಾತಲ್ಲ. ನಡುವೆ "ನನಗೆ ಆಯಿತು" ಎಂದು ಅಷ್ಟು ಸಲೀಸಾಗಿ ಸೇರಿಸಿದ್ದೀಯಲ್ಲ, ಅದು. ಬ್ಯಾಂಕಿನ ಲೆಕ್ಕ, ಬೆಂಗಳೂರಿನ ರಸ್ತೆ, ರಾತ್ರಿ ಮನೆಗೆ ಬಂದರೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ ಎಂದು ಬರೆದಿದ್ದೀಯ.

ಕಾರವಾರದಲ್ಲಿ ನೌಕರಿ ಮಾಡಿದ ಕಾಲದಲ್ಲಿ ನನಗೂ ಹಾಗೆಯೇ ಇತ್ತು. ಬೆಳಿಗ್ಗೆ ಕಡತ, ಮಧ್ಯಾಹ್ನ ಕಡತ, ರಾತ್ರಿ ಖಾನಾವಳಿ. ಕಚೇರಿಯ ಕಿಟಕಿಯಿಂದ ಕಡಲು ಕಾಣುತ್ತಿತ್ತು. ಕಾಗದದ ಮೇಲೆ ಬೆಳಕು ಬೀಳಲಿ ಎಂದು ನಾನು ಅದಕ್ಕೆ ಬೆನ್ನು ಹಾಕಿ ಕುಳಿತಿರುತ್ತಿದ್ದೆ. ಅದೇ ದಂಡೆಗೆ ಈಗ ರವೀಂದ್ರನಾಥ ಠಾಕೂರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲಲ್ಲಿ, ತಮ್ಮ ಅಲ್ಲಿಗೆ ಬಂದಿದ್ದರು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಹಳೆಯ ಗುಡ್ಡದ ಕೋಟೆ ನೋಡಿ, ತಿರುಗಿ ಬರುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರಂತೆ. ಯಾವಾಗಲೂ ಸುಯ್ಯುವ ಗಾಳಿಮರಗಳು ಕೂಡ ಅಂದು ಸುಮ್ಮನಿದ್ದವಂತೆ. ಇದನ್ನೆಲ್ಲ ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದರು, ಅದು ಅಚ್ಚಾದದ್ದು 1912ರಲ್ಲಿ. ನಡುವಿನ ಸುಮಾರು ಮೂವತ್ತು ವರ್ಷ ಆ ರಾತ್ರಿ ಎಲ್ಲಿತ್ತು ಹೇಳು. ಕಾರವಾರದಲ್ಲಿದ್ದಾಗಲೇ ಅವರು ಒಂದು ನಾಟಕವನ್ನೂ ಬರೆದರು. ಲೋಕದ ನಂಟನ್ನೆಲ್ಲ ಕಡಿದುಕೊಂಡೆ ಎಂದು ಬೀಗುವ ಒಬ್ಬ ಸಂನ್ಯಾಸಿ, ಅವನನ್ನು ಮತ್ತೆ ಈ ಲೋಕಕ್ಕೆ ಎಳೆದು ತರುವವಳು ಒಬ್ಬ ಸಣ್ಣ ಹುಡುಗಿ.

ನಾನು ಅಷ್ಟು ವರ್ಷ ಅಲ್ಲಿದ್ದರೂ ಬೆಳದಿಂಗಳಲ್ಲಿ ಕಾಳಿಯ ಮೇಲೆ ಒಮ್ಮೆಯೂ ದೋಣಿಯಲ್ಲಿ ಹೋಗಲಿಲ್ಲ. ಮುಂದಿನ ಹುಣ್ಣಿಮೆಗೆ ಹೋದರಾಯಿತು ಎಂದುಕೊಳ್ಳುತ್ತಲೇ ವರ್ಗದ ಆದೇಶ ಬಂತು. ಈಗ ದೋಣಿ ಹತ್ತಲು ಮಂಡಿ ಒಪ್ಪುವುದಿಲ್ಲ. ನಿವೃತ್ತನಾಗಿ ಊರಿಗೆ ಬಂದ ಮೇಲಿನ ಒಂದು ಚಳಿಗಾಲ, ಎಲ್ಲೋ ದೂರದ ಬಯಲಿನಿಂದ ಚಂಡೆ ಕೇಳಿ ನಡುರಾತ್ರಿ ಎಚ್ಚರವಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಹೊದಿಕೆ ತಲೆಯ ಮೇಲೆ ಎಳೆದುಕೊಂಡೆ. ಅರವತ್ತು ದಾಟಿದವನು! ಆಮೇಲೆ ನನಗೇ ನಗು ಬಂತು. ಆರಿಹೋಗಿದೆ ಎಂದು ನಾನು ಬರೆದಿಟ್ಟದ್ದನ್ನು ಅದು ಓದಿಯೇ ಇರಲಿಲ್ಲ.

ಉದ್ಯೋಗ ಎಲ್ಲವನ್ನೂ ತಿಂದಿತು ಎನ್ನುತ್ತೀಯ. ಅಂಕೋಲೆಯ ದಿನಕರ ದೇಸಾಯಿಯವರು ರೈತರ ಹೋರಾಟ ಕಟ್ಟಿದವರು, ಊರೂರಿಗೆ ಶಾಲೆ ತೆರೆದವರು, 1967ರಲ್ಲಿ ಲೋಕಸಭೆಗೆ ಹೋದವರು. ಗಡಿಯಾರವನ್ನು ಗಂಟೆಯ ನೆಂಟನೆಂದು ಕರೆದು ಮಾತನಾಡಿಸುವ ಮಕ್ಕಳ ಪದ್ಯ ಬರೆದವರೂ ಅವರೇ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ಕಿನ ರಸಾಯನದ ಕೆಲಸ ಮಾಡುತ್ತಲೇ ಬಾಲ್ಯದ ಹನೇಹಳ್ಳಿಗೆ ಮತ್ತೆ ಮತ್ತೆ ಮರಳಿ ಕಥೆ ಬರೆದರು. ಅವರ ಮಾತು ಬೇರೆ, ಅವರು ದೊಡ್ಡವರು ಎಂದು ನೀನು ಅನ್ನುತ್ತೀಯ. ಸರಿ. ದೊಡ್ಡವರಲ್ಲದ ಒಬ್ಬರ ವಿಷಯ ಬರೆಯುತ್ತೇನೆ. ಇದು ನಿನಗೆ ಗೊತ್ತಿಲ್ಲ.

ನಿನ್ನ ಆಯಿಗೆ ಒಂಬತ್ತೋ ಹತ್ತೋ ಇರಬೇಕು. ಅಡಿಕೆ ಸುಲಿಯುವ ರಾತ್ರಿ. ಮೆಟ್ಟುಗತ್ತಿಗಳ ಸಾಲು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಟಪ್ ಟಪ್. ಅಮ್ಮಮ್ಮ ಗೋವಿನ ಹಾಡು ಹೇಳುತ್ತಿದ್ದಳು, ಕೈ ನಿಲ್ಲಿಸದೆ. ಪುಣ್ಯಕೋಟಿ ಮಾತಿನಂತೆ ಹುಲಿಯ ಹತ್ತಿರ ತಿರುಗಿ ಬಂದು ನಿಲ್ಲುವಲ್ಲಿ ಅವಳ ದನಿ ಇಳಿಯುತ್ತಿತ್ತು, ಕತ್ತಿಗಳ ಸದ್ದೂ ಇಳಿಯುತ್ತಿತ್ತು. ಹುಲಿ ನಾಚಿ ಪ್ರಾಣ ಬಿಟ್ಟಿತು. ಎಲ್ಲರೂ ಸಮಾಧಾನದ ಉಸಿರು ಬಿಟ್ಟಾಗ ಅಕ್ಕ ಒಬ್ಬಳೇ ಬಿಕ್ಕಿ ಬಿಕ್ಕಿ ಅತ್ತಳು. ಹಸುವಿಗಾಗಿ ಎಂದು ನಾವು ತಿಳಿದೆವು. ಅವಳು ಅತ್ತದ್ದು ಹುಲಿಗಾಗಿ. ಅದು ತಿನ್ನುವುದಿಲ್ಲ ಎಂದಿತಲ್ಲ, ಮತ್ತೆ ಯಾಕೆ ಸಾಯಬೇಕು ಎಂದು ಕೇಳಿದಳು. ಸತ್ಯದ ಮಹಿಮೆ ಅದು ಇದು ಎಂದು ಅಮ್ಮಮ್ಮ ಏನೇನೋ ಹೇಳಿದಳು, ಅಕ್ಕ ಒಪ್ಪಲಿಲ್ಲ. ಮರುದಿನ ನನ್ನ ಕಿವಿಯಲ್ಲಿ ಹೇಳಿದಳು: ಹುಲಿ ಸತ್ತಿಲ್ಲ, ಯಾಣಕ್ಕೆ ಹೋಗಿದೆ, ಆ ಕಪ್ಪು ಬಂಡೆಗಳ ಸಂದಿಯಲ್ಲಿ ಹುಲ್ಲು ತಿನ್ನಲು ಕಲಿಯುತ್ತಿದೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

ಆಮೇಲೆ ಅವಳು ದೊಡ್ಡವಳಾದಳು, ಮುಂದಿನದು ನಿನಗೆ ಗೊತ್ತಿದ್ದದ್ದೇ. ಹಾಡು ನಿಂತಿತು. ಕಥೆಯೂ ನಿಂತಿತು ಎಂದೇ ನಾನು ತಿಳಿದಿದ್ದೆ. ಅವಳು ಹೋಗುವ ಮೊದಲಿನ ಚಳಿಗಾಲ ಇಲ್ಲಿಗೆ ಬಂದು ಕೆಲವು ದಿನ ಉಳಿದಿದ್ದಳಲ್ಲ, ಆಗ ಸುಲಿಯಲು ಬಂದವಳ ಮಗುವೊಂದು ಕಥೆ ಹೇಳು ಎಂದು ಅವಳನ್ನು ಪೀಡಿಸುತ್ತಿತ್ತು. ನಾನು ಒಳಗೆ ಪೇಪರ್ ಓದುತ್ತಿದ್ದೆ. ಅಕ್ಕ ಗೋವಿನ ಹಾಡಿನ ಕಥೆ ಹೇಳಿದಳು. ಹಾಡಲಿಲ್ಲ, ಕಥೆಯಾಗಿಯೇ ಹೇಳಿದಳು. ಕೊನೆಗೆ ಆ ಮಗು ಹುಲಿ ಏನಾಯಿತು ಎಂದು ಕೇಳಿತು. "ಯಾಣದಲ್ಲಿದೆ. ಈಗ ಹುಲ್ಲು ತಿನ್ನಲು ಕಲಿತಿದೆ" ಎಂದಳು.

ಕಲಿತಿದೆ ಎಂದಳು, ಕೂಸೇ. ಕಲಿಯುತ್ತಿದೆ ಎನ್ನಲಿಲ್ಲ. ಅಷ್ಟು ವರ್ಷ ಅವಳು ಆ ಹುಲಿಯನ್ನು ನೋಡಿಕೊಂಡು ಬಂದಿದ್ದಳು. ಮನೆ, ಕೊಟ್ಟಿಗೆ, ಒಲೆ, ಅವಳ ಮಾವನ ಕಾಯಿಲೆ, ನಿಮ್ಮನ್ನೆಲ್ಲ ಬೆಳೆಸಿದ್ದು, ಇದೆಲ್ಲದರ ನಡುವೆ. ಎದ್ದು ಹೊರಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತು, ಇನ್ನೂ ಯಾರು ಯಾರು ಇದ್ದಾರೆ ಅಲ್ಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಕ್ಕ ತಮ್ಮ ಆ ವಯಸ್ಸಿನಲ್ಲಿ ಹಾಗೆಲ್ಲ ಮಾತನಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಕೇಳಿದ್ದರೆ ಇಂದು ನಿನಗೆ ಬರೆಯಲು ಇನ್ನಷ್ಟು ಇರುತ್ತಿತ್ತು.

ಅದಕ್ಕೇ "ಆಯಿಗೆ ಆಯಿತು" ಎಂದು ನೀನು ಬರೆದದ್ದನ್ನು ನಾನು ಒಪ್ಪಲಾರೆ. ಹಾಡು ನಿಂತದ್ದು ಹೌದು, ಅದರ ದುಃಖ ನನಗೂ ಇದೆ. ಆದರೆ ಪಟ್ಟಿಯ ಮೊದಲ ಹೆಸರೇ ತಪ್ಪಾದರೆ ಉಳಿದೆರಡನ್ನು ನಾನು ಹೇಗೆ ನಂಬಲಿ? ಬ್ಯಾಂಕಿನವಳು, ನೀನೇ ಹೇಳು.

ಏನು ಮಾಡಬೇಕು ಎಂದು ಕೇಳಿದ್ದೀಯ. ನನಗೆ ಅಂಥ ಉಪಾಯಗಳೇನೂ ತಿಳಿಯದು. ಅವಳಿಗೆ ಓದಲು ಬರುತ್ತದೆ ಎಂದು ಕಥೆ ಓದಿ ಹೇಳುವುದನ್ನು ನಿಲ್ಲಿಸಿದ್ದರೆ ಮತ್ತೆ ಶುರು ಮಾಡು, ವಾರಕ್ಕೊಮ್ಮೆಯಾದರೂ. ಮುಗಿದ ಮೇಲೆ ನೀತಿ ಏನು ಎಂದು ಕೇಳಬೇಡ, ಅದನ್ನು ಶಾಲೆಯವರು ಕೇಳುತ್ತಾರೆ. ನಿನ್ನ ತಂಬೂರಿಯನ್ನು ಕಪಾಟಿನ ಮೇಲಿನಿಂದ ಇಳಿಸು. ಅವಳಿಗಾಗಿ ಬೇಡ, ಅವಳಿಗೆ ಕಲಿಸಲೂ ಬೇಡ. ರಾತ್ರಿ ಹತ್ತು ನಿಮಿಷ ನೀನೇ ಮೀಟುತ್ತ ಕುಳಿತುಕೋ, ಹಾಡದಿದ್ದರೂ ಆದೀತು. ದಣಿದು ಬಂದವಳಿಗೆ ಇನ್ನೊಂದು ಕೆಲಸ ಹಚ್ಚುತ್ತಾನೆ ಈ ಮುದುಕ ಎಂದುಕೊಂಡರೆ ಇದನ್ನು ಬಿಟ್ಟುಬಿಡು. ತಂತಿ ಹೋಗಿದ್ದರೆ ತಿಳಿಸು, ಇಲ್ಲಿಂದ ಕಳಿಸುತ್ತೇನೆ.

ಮೇಳಗಳ ತಿರುಗಾಟ ಮೇ ತಿಂಗಳ ತನಕ ಇರುತ್ತದೆ. ರಜೆ ಬಿದ್ದ ಕೂಡಲೇ ಸಣ್ಣ ಕೂಸನ್ನು ಕಳಿಸಿದರೆ ಆಟ ಎಲ್ಲಿದೆ ಎಂದು ವಿಚಾರಿಸಿಡುತ್ತೇನೆ. ಚೌಕಿಗೆ ನಾನೇ ಕರೆದೊಯ್ಯುತ್ತೇನೆ, ಅಲ್ಲಿಯವರ ಒಪ್ಪಿಗೆ ಕೇಳಿಯೇ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹತ್ತಿಸುವುದಾದರೆ ಜೊತೆಗೆ ಯಾರಾದರೂ ಗುರುತಿನವರು ಇರಲಿ. ನೀನೂ ಬಂದರೆ ಇನ್ನೂ ಒಳ್ಳೆಯದು, ಆದರೆ ಒತ್ತಾಯವಿಲ್ಲ. ಉಪ್ಪಿನಕಾಯಿ ಕೇಳಿದ್ದೀಯಂತೆ, ಅಪ್ಪೆಮಿಡಿ ಈ ವರ್ಷ ಕಡಿಮೆ, ಆದರೂ ಒಂದು ಭರಣಿ ನಿನಗೆಂದು ತೆಗೆದಿಟ್ಟಿದ್ದಾಳೆ ನಿನ್ನ ಅತ್ತೆ.

ಈ ಪತ್ರವನ್ನು ಸಣ್ಣ ಕೂಸಿಗೆ ಓದಿ ಹೇಳಬೇಡ. ಹುಲಿಯ ವಿಷಯವನ್ನು ಬೇಕಾದರೆ ಹೇಳು, ನಿನ್ನ ಆಯಿಯೇ ಅದನ್ನು ಆ ಮಗುವಿಗೆ ಹೇಳಿದ ಮೇಲೆ ನನ್ನ ಆಣೆ ತೀರಿತು ಎಂದುಕೊಂಡಿದ್ದೇನೆ.

ಇಂತೀ ಆಶೀರ್ವಾದಗಳೊಂದಿಗೆ,
ನಿನ್ನ ಮಾವ